ಬಾಯಿ ಮುಕ್ಕಳಿಸಲು ತ್ರಿಫಲಾ ಕಷಾಯ: ವರ್ಷ ದಾಟಿದ ಮೇಲೆ ನನ್ನ ಅಭಿಪ್ರಾಯ

ಮೊದಲು ಕಾಫಿಯ ವಿಚಾರ ಹೇಳಿಬಿಡುತ್ತೇನೆ. ವಸಡಿನಲ್ಲಿ ರಕ್ತ ಬರುತ್ತದೆಂದು ಹೋದಾಗ ದಂತವೈದ್ಯರು ಹಲ್ಲು ಶುಚಿ ಮಾಡಿ, ಕ್ಲೋರ್‌ಹೆಕ್ಸಿಡಿನ್ ಮೌತ್‌ವಾಶ್ ಬರೆದುಕೊಟ್ಟಿದ್ದರು. ರಕ್ತ ನಿಂತಿತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಬೆಳಗಿನ ಫಿಲ್ಟರ್ ಕಾಫಿ ಸಪ್ಪೆಯಾಯಿತು, ಸಾರಿಗೆ ಉಪ್ಪು ಹಾಕಿದ್ದಾರೋ ಇಲ್ಲವೋ ತಿಳಿಯದಾಯಿತು, ಹಲ್ಲಿನ ಸಂದುಗಳಲ್ಲಿ ಕಂದು ಕಲೆ ಬೇರೆ. ಇವೆಲ್ಲ ಆ ಔಷಧದ ಗೊತ್ತಿರುವ ಅಡ್ಡಪರಿಣಾಮಗಳೇ; ತಿಂಗಳುಗಟ್ಟಲೆ ಬಳಸುವಂಥದ್ದಲ್ಲ ಅದು. ಅವಧಿ ಮುಗಿದ ಮೇಲೆ ದಿನನಿತ್ಯಕ್ಕೆ ಆರಿಸಿಕೊಂಡದ್ದು ಗ್ರಂಥಿಗೆ ಅಂಗಡಿಯ ತ್ರಿಫಲಾ.

ಅಳಲೆ, ತಾರೆ, ನೆಲ್ಲಿ ಸೇರಿದ ಈ ಪುಡಿ ಯಾರಿಗೆ ಗೊತ್ತಿಲ್ಲ? ಹೊಟ್ಟೆಗೆಂದು ಕೊಳ್ಳುವವರೇ ಹೆಚ್ಚು. ಆದರೆ ನಮ್ಮ ದೇಶದಲ್ಲೇ ಶಾಲಾ ಮಕ್ಕಳ ಮೇಲೆ ನಡೆದ ಅಧ್ಯಯನದಲ್ಲಿ, ಹಲ್ಲಿನ ಪಾಚಿಯನ್ನು ತಗ್ಗಿಸುವುದರಲ್ಲಿ ತ್ರಿಫಲಾ ದ್ರಾವಣವು ಕ್ಲೋರ್‌ಹೆಕ್ಸಿಡಿನ್‌ಗೆ ಹತ್ತಿರದ ಫಲಿತಾಂಶ ಕೊಟ್ಟಿದೆ. ಹುಳುಕಿಗೆ ಕಾರಣವಾಗುವ ಸ್ಟ್ರೆಪ್ಟೊಕಾಕಸ್ ಮ್ಯೂಟನ್ಸ್ ಎಂಬ ಬ್ಯಾಕ್ಟೀರಿಯಾ ಸಕ್ಕರೆಯಿಂದ ಅಂಟು ತಯಾರಿಸಿಕೊಂಡು ಹಲ್ಲಿಗೆ ಕಚ್ಚಿಕೊಳ್ಳುತ್ತದೆ. ಈ ಕಾಯಿಗಳ ಒಗರಿಗೆ ಕಾರಣವಾದ ಟ್ಯಾನಿನ್ ಆ ಕಚ್ಚುವಿಕೆಗೇ ಅಡ್ಡಿ ಮಾಡುತ್ತದೆ.

ನನ್ನನ್ನು ಹಿಡಿದಿಟ್ಟದ್ದು ಮಾತ್ರ ಈ ವಿಜ್ಞಾನವಲ್ಲ, ಆಮೇಲಿನ ನೀರು. ಸಂಜೆ ಒಂದು ಚಮಚ ಪುಡಿಯನ್ನು ಎರಡು ಲೋಟ ನೀರಿಗೆ ಹಾಕಿ, ಸಣ್ಣ ಉರಿಯಲ್ಲಿ ಅರ್ಧಕ್ಕೆ ಇಳಿಸಿ, ಹಳೆಯ ಪಂಚೆಯ ತುಂಡಿನಲ್ಲಿ ಸೋಸಿಡುತ್ತೇನೆ. ಊಟವಾದ ಮೇಲೆ ಅದನ್ನು ಉಗುರುಬೆಚ್ಚಗೆ ಬಾಯಿಗೆ ತುಂಬಿಕೊಂಡರೆ ಕೆನ್ನೆಯ ಒಳಗೆಲ್ಲ ಒಗರು ಬಿಗಿಯುತ್ತದೆ, ನಾಲಿಗೆ ದಪ್ಪವಾದಂತೆನಿಸುತ್ತದೆ. ಮುಖ ಹಿಂಡಿಕೊಂಡೇ ಎರಡು ನಿಮಿಷ ಆಡಿಸಿ ಉಗುಳಬೇಕು. ಆಮೇಲೆ ಕುಡಿಯುವ ಒಂದು ಗುಟುಕು ತಣ್ಣೀರು ಸಿಹಿ! ನೆಲ್ಲಿಕಾಯಿ ತಿಂದು ನೀರು ಕುಡಿದವರಿಗೆ ಈ ಸಿಹಿ ಹೊಸದಲ್ಲ, ಆದರೂ ಪ್ರತಿ ರಾತ್ರಿ ಸಿಗುವುದೆಂದರೆ ಪುಕ್ಕಟೆ ಪಾಯಸ. ಬೆಳಗಿನ ಕಾಫಿಗೂ ಏನೂ ಧಕ್ಕೆಯಿಲ್ಲ.

ಇಷ್ಟು ಹೊಗಳಿದ್ದು ಸಾಕು. ಈ ಕಷಾಯ ಮನೆಯವರ ಕಣ್ಣಿಗೆ ಶತ್ರು. ನಮ್ಮ ಬೋರ್‌ವೆಲ್ ನೀರಿನಲ್ಲಿ ಕಬ್ಬಿಣದ ಅಂಶವಿದೆ. ಕಬ್ಬಿಣ ತಗುಲಿದರೆ ಟ್ಯಾನಿನ್ ಕಪ್ಪಾಗುತ್ತದೆ. ಹಿಂದಿನವರು ಅಳಲೆಕಾಯಿಗೆ ಅನ್ನಭೇದಿ ಎಂಬ ಕಬ್ಬಿಣದ ಲವಣ ಬೆರೆಸಿ ಬರೆಯುವ ಮಸಿ ಮಾಡುತ್ತಿದ್ದದ್ದು ಇದೇ ಗುಣದಿಂದ. ಈಗ ಆ ಮಸಿ ತಯಾರಾಗುವುದು ನಮ್ಮ ಬಿಳಿ ವಾಶ್‌ಬೇಸಿನ್‌ನಲ್ಲಿ. ಪಿಂಗಾಣಿಯ ಕೂದಲೆಳೆ ಬಿರುಕುಗಳೆಲ್ಲ ಕಪ್ಪು ಗೆರೆಗಳಾಗಿ ಎದ್ದು ಕಾಣುತ್ತಿವೆ, ನೀರು ಹೋಗುವ ತೂತಿನ ಸುತ್ತ ಒಂದು ಕಪ್ಪು ಬಳೆ ಕುಳಿತಿದೆ. ಉಜ್ಜಿದ್ದಾಯಿತು, ನಿಂಬೆಹುಳಿ ಹಾಕಿದ್ದಾಯಿತು, ಬಳೆ ಮಾಸಲಾಯಿತೇ ಹೊರತು ಹೋಗಲಿಲ್ಲ. "ಉಗುಳುವುದಿದ್ದರೆ ಹಿತ್ತಲಿಗೆ ಹೋಗಿ" ಎಂದು ನನ್ನಾಕೆಯ ಆಜ್ಞೆಯಾಗಿದೆ. ಮಳೆಗಾಲದಲ್ಲಿ ಈ ಆಜ್ಞೆ ಪಾಲಿಸುವುದು ಎಷ್ಟು ಕಷ್ಟವೆಂದು ನನಗೇ ಗೊತ್ತು.

ಇನ್ನೊಂದು ಕಿರಿಕಿರಿ, ಇದು ಇಟ್ಟರೆ ಉಳಿಯುವುದಿಲ್ಲ. ಮರುದಿನಕ್ಕೆ ಹಳಸಲು ವಾಸನೆ, ಹಾಗಾಗಿ ದಿನವೂ ಕುದಿಸಬೇಕು. ಊರಿಗೆ ಹೊರಟರೆ ಕೈಬಿಟ್ಟಂತೆಯೇ. ಬಾಟಲಿಯಲ್ಲಿ ಸಿದ್ಧವಾಗಿ ಸಿಗುವುದನ್ನೂ ತಂದು ನೋಡಿದೆ. ಪುದೀನದ ಘಾಟಿನಡಿ ಒಗರೇ ಇರಲಿಲ್ಲ, ಬೆಲೆಯಲ್ಲಿ ಹಲವು ವಾರಗಳ ಪುಡಿ ಬರುತ್ತಿತ್ತು.

ಹಲ್ಲಿನ ವಿಷಯಕ್ಕೆ ಬರೋಣ. ರಕ್ತ ಮತ್ತೆ ಬಂದಿಲ್ಲ, ಬೆಳಗಿನ ಬಾಯಿವಾಸನೆ ತಗ್ಗಿದೆ. ಆದರೆ ಕೆಳಗಿನ ಮುಂದಿನ ಹಲ್ಲುಗಳ ಹಿಂಬದಿಯಲ್ಲಿ ಪಾಚಿ ಮತ್ತೆ ಕಲ್ಲಾಗಿದೆ ಎಂದು ಕಳೆದ ಸಲ ವೈದ್ಯರು ಕನ್ನಡಿ ಹಿಡಿದು ತೋರಿಸಿದರು. ಗಟ್ಟಿಯಾದದ್ದನ್ನು ಯಾವ ಕಷಾಯವೂ ಕರಗಿಸದು, ಉಪಕರಣದಿಂದಲೇ ಕೆರೆದು ತೆಗೆಯಬೇಕು. ಬ್ರಷ್ ಕೂಡ ಬಿಡುವಂತಿಲ್ಲ. ನಾನು ಕಷಾಯ ಮುಗಿಸಿ, ಮಲಗುವ ಮುನ್ನ ಫ್ಲೋರೈಡ್ ಪೇಸ್ಟಿನಲ್ಲಿ ಉಜ್ಜುತ್ತೇನೆ. ಅದಾದ ಮೇಲೆ ಮುಕ್ಕಳಿಸಿದರೆ ಫ್ಲೋರೈಡ್ ತೊಳೆದು ಹೋಗುತ್ತದೆ.

ಬಿಡುವುದಿಲ್ಲ, ಆದರೆ ಬಳಸುವ ಬಗೆ ಬದಲಾಗಿದೆ: ಕಷಾಯಕ್ಕೆ ಫಿಲ್ಟರ್ ನೀರು, ಸ್ಟೀಲ್ ಪಾತ್ರೆ. ಕೊಳ್ಳುವವರು ನುಣ್ಣನೆಯ ಪುಡಿಗೆ ಹೋಗಬೇಡಿ, ಎಷ್ಟು ಸೋಸಿದರೂ ಹಲ್ಲಿನ ಸಂದಿಗೆ ಸಿಕ್ಕಿಕೊಳ್ಳುತ್ತದೆ. ಬೀಜ ತೆಗೆದ ಅಳಲೆ ಸಿಪ್ಪೆ, ತಾರೆ ಸಿಪ್ಪೆ, ನೆಲ್ಲಿಚೆಟ್ಟು ಬೇರೆಬೇರೆಯಾಗಿ ಕೇಳಿ, ಮನೆಯಲ್ಲೇ ತರಿತರಿಯಾಗಿ ಕುಟ್ಟಿಕೊಳ್ಳಿ. ಬಿಳಿ ವಾಶ್‌ಬೇಸಿನ್ ಇರುವವರು ಉಗುಳುವ ಮುಂಚೆಯೇ ನಲ್ಲಿ ತಿರುಗಿಸಿಟ್ಟುಕೊಳ್ಳಿ.