ವಾಟರ್ ಬಾತಿನಲ್ಲಿ ಉಳಿದ ಒಂದು ಚೂರು

ಮುಂಬಯಿಯ ಒಂದು ಪ್ರಯೋಗಾಲಯದ ಹಿಸ್ಟೊಪೆಥಾಲಜಿ (ಅಂಗಾಂಶ ಪರೀಕ್ಷೆ) ವಿಭಾಗದಲ್ಲಿ ನಾನು ಹಲವು ವರ್ಷಗಳಿಂದ ಸೆಕ್ಷನ್, ಅಂದರೆ ಸೂಕ್ಷ್ಮದರ್ಶಕದಲ್ಲಿ ನೋಡಲು ಅಂಗಾಂಶದ ತೆಳು ಪದರಗಳನ್ನು, ಕತ್ತರಿಸುವ ಕೆಲಸ ಮಾಡುತ್ತಿದ್ದೇನೆ. ಕಳೆದ ಮಳೆಗಾಲದಲ್ಲಿ ನನ್ನ ಕೈಯಿಂದಲೇ ಆದ ತಪ್ಪೊಂದನ್ನು ಇದೇ ಕೆಲಸದಲ್ಲಿರುವ ನಮ್ಮ ಕನ್ನಡದ ಹುಡುಗ ಹುಡುಗಿಯರಿಗೆ ಹೇಳಲೇಬೇಕೆಂದು ಇದನ್ನು ಬರೆಯುತ್ತಿದ್ದೇನೆ.

ಅಂದು ಸಾಯನ್ ಮತ್ತು ಕುರ್ಲಾ ನಡುವೆ ಹಳಿಗಳ ಮೇಲೆ ನೀರು ನಿಂತು ಲೋಕಲ್ ಗಾಡಿಗಳ ಓಡಾಟ ನಿಂತಿತ್ತು. ನನ್ನ ಜೊತೆಗಾರ, ಕಾರವಾರದ ಹುಡುಗ, "ಅಣ್ಣಾ, ಠಾಣೆಯಿಂದ ಮುಂದೆ ಗಾಡಿಯೇ ಇಲ್ಲ" ಎಂದು ಫೋನ್ ಮಾಡಿದ. ಇಬ್ಬರು ಕತ್ತರಿಸಬೇಕಾದ ಬ್ಲಾಕುಗಳೆಲ್ಲ (ರೋಗಿಯ ಅಂಗಾಂಶವನ್ನು ಮೇಣದಲ್ಲಿ ಹುದುಗಿಸಿದ ಗಟ್ಟಿಗಳು) ನನ್ನೊಬ್ಬನ ಪಾಲಿಗೆ ಬಂದವು. ಮೊದಲ ಒಂದು ಗಂಟೆ ಪ್ರತಿ ಬ್ಲಾಕಿನ ನಂತರವೂ ವಾಟರ್ ಬಾತಿನ (ಕತ್ತರಿಸಿದ ಸೆಕ್ಷನ್ ತೇಲಿಬಿಡುವ ಬಿಸಿನೀರಿನ ಪಾತ್ರೆ) ನೀರಿನ ಮೇಲೆ ಟಿಶ್ಯೂ ಪೇಪರ್ ಎಳೆದು ಒರೆಸಿದೆ. ಆಮೇಲೆ ಕಣ್ಣಿಗೆ ಕಸ ಕಂಡರೆ ಮಾತ್ರ ಒರೆಸತೊಡಗಿದೆ. ಕೇಡಿಗೆ ಮೂಲ ಅದೇ.

3ರಿಂದ 5 ಮೈಕ್ರಾನ್ ದಪ್ಪದ ರಿಬ್ಬನ್ನನ್ನು (ಒಂದಕ್ಕೊಂದು ಅಂಟಿಕೊಂಡ ಸೆಕ್ಷನ್‌ಗಳ ಪಟ್ಟಿ) 45 ಡಿಗ್ರಿಯ ಆಸುಪಾಸಿನ ಬಿಸಿನೀರಿನ ಮೇಲೆ ತೇಲಿಬಿಟ್ಟಾಗ ಅದರ ಸುಕ್ಕು ಬಿಡುತ್ತದೆ; ಆದರೆ ಅಂಗಾಂಶವು ಪುಡಿಯಾಗುವ ಜಾತಿಯದಾಗಿದ್ದರೆ ಅದೇ ಹೊತ್ತಿಗೆ ಅಂಚಿನಿಂದ ಚೂರುಗಳೂ ಕಳಚಿ ನೀರಿನಲ್ಲೇ ಉಳಿದು, ಮುಂದಿನ ಬ್ಲಾಕಿನ ಸ್ಲೈಡಿಗೆ ಅಂಟಿಕೊಳ್ಳಬಹುದು. ಬಣ್ಣ ಹಾಕುವ ಮೊದಲು ಅವು ಕಣ್ಣಿಗೆ ಬೀಳುವುದೇ ಅಪರೂಪ. ನಾನು ದೊಡ್ಡಕರುಳಿನ ಗಡ್ಡೆಯ ಬ್ಲಾಕಿನ ಬೆನ್ನಿಗೇ ಒಬ್ಬ ಯುವಕನ ಜಠರದ ಎಂಡೋಸ್ಕೋಪಿ ಬಯಾಪ್ಸಿಯನ್ನು ಕತ್ತರಿಸಿದ್ದೆ.

ಮರುದಿನ ಸ್ಲೈಡು ನೋಡಿ ರೋಗ ಹೇಳುವ ಪೆಥಾಲಜಿಸ್ಟ್ ಮೇಡಂ ನನ್ನನ್ನು ಕರೆದು ಸೂಕ್ಷ್ಮದರ್ಶಕದ ಮುಂದೆ ಕೂರಿಸಿದರು. ಜಠರದ ನಾಲ್ಕು ತುಣುಕುಗಳಲ್ಲಿ ಉರಿಯೂತ ಬಿಟ್ಟರೆ ಬೇರೇನೂ ಇರಲಿಲ್ಲ. ಅವುಗಳಿಂದ ದೂರ, ಸ್ಲೈಡಿನ ಅಂಚಿನಲ್ಲಿ, ಗಸಗಸೆ ಕಾಳಿಗಿಂತ ಚಿಕ್ಕದೊಂದು ಚೂರು. ಅದರೊಳಗೆ ಗಾಢ ನೀಲಿಯ ಕೋಶಕೇಂದ್ರಗಳು ಒತ್ತೊತ್ತಾಗಿ ಸಾಲುಗಟ್ಟಿದ ಕ್ಯಾನ್ಸರ್ ಗ್ರಂಥಿಗಳು. ಮೇಡಂ ಫೋಕಸ್ ತಿರುಗಿಸಿದಂತೆ ಚೂರು ಸ್ಪಷ್ಟವಾದಾಗ ಬಯಾಪ್ಸಿ ಮಸುಕಾಗುತ್ತಿತ್ತು, ಬಯಾಪ್ಸಿ ಸ್ಪಷ್ಟವಾದಾಗ ಚೂರು ಮಸುಕಾಗುತ್ತಿತ್ತು; ಅಂದರೆ ಅವೆರಡೂ ಒಂದೇ ಮಟ್ಟದಲ್ಲಿರಲಿಲ್ಲ. "ಇದಕ್ಕೂ ಮುಂಚೆ ಯಾವ ಬ್ಲಾಕ್ ಕತ್ತರಿಸಿದಿರಿ?" ಎಂದರು. ನನ್ನ ಬಾಯಿ ಒಣಗಿಹೋಯಿತು.

ಪುಣ್ಯಕ್ಕೆ ಕತ್ತರಿಸಿದ ಕ್ರಮವನ್ನು ನಾನು ವಹಿಯಲ್ಲಿ ಬರೆದಿಟ್ಟಿದ್ದೆ. ಕರುಳಿನ ಸ್ಲೈಡಿನಲ್ಲಿ ಅಂಥವೇ ಗ್ರಂಥಿಗಳಿದ್ದವು. ಜಠರದ ಬ್ಲಾಕಿನಿಂದ ತೆಗೆದ ಹೊಸ ಸೆಕ್ಷನ್‌ಗಳಲ್ಲಿ ಆ ಚೂರು ಇರಲಿಲ್ಲ. ಮೇಡಂ ಅಷ್ಟು ನಿಧಾನವಾಗಿ ನೋಡದೆ ಹೋಗಿದ್ದರೆ ಆ ಯುವಕನ ವರದಿಯಲ್ಲಿ ಇನ್ನೊಬ್ಬರ ಕ್ಯಾನ್ಸರ್ ದಾಖಲಾಗುತ್ತಿತ್ತು, ಅದನ್ನು ನೆನೆದರೆ ಈಗಲೂ ನನಗೆ ನಿದ್ದೆ ಬರುವುದಿಲ್ಲ.

ಹೊಸ ಸೆಕ್ಷನ್‌ನಲ್ಲಿ ಚೂರು ಕಾಣದಿದ್ದ ಮಾತ್ರಕ್ಕೆ ಅದು ಹೊರಗಿನದೆಂದು ತೀರ್ಮಾನಿಸಬಾರದು, ಏಕೆಂದರೆ ರೋಗಿಯದೇ ಆದ ಅತಿ ಸಣ್ಣ ಗಡ್ಡೆ ಮೊದಲ ಸೆಕ್ಷನ್‌ನಲ್ಲೇ ಮುಗಿದುಹೋಗಿರಬಹುದು. ಅಂಗಾಂಶವನ್ನು ತುಂಡು ಮಾಡುವ ಗ್ರಾಸಿಂಗ್ ಹಲಗೆಯಿಂದಲೋ ಮೇಣದಲ್ಲಿ ಹುದುಗಿಸುವಾಗ ಬಳಸುವ ಎಂಬೆಡಿಂಗ್ ಫೋರ್ಸೆಪ್ಸ್‌ನಿಂದಲೋ (ಚಿಮಟ) ಬಂದ ಚೂರಾದರೆ ಬ್ಲಾಕಿನೊಳಗೇ ಕುಳಿತಿರುವುದರಿಂದ ಎಷ್ಟು ಸಲ ಕತ್ತರಿಸಿದರೂ ಮತ್ತೆ ಕಾಣಿಸಬಹುದು; ಆಗ ಡಿಎನ್‌ಎ ಹೋಲಿಸಿ ನೋಡಬೇಕಾಗುತ್ತದೆ.

ಈಗ ನಮ್ಮಲ್ಲಿ ಪ್ರತಿ ಬ್ಲಾಕಿನ ನಂತರ ನೀರಿನ ಮೇಲ್ಮೈಯನ್ನು ಒರೆಸುವುದರ ಜೊತೆಗೆ ಕುಂಚ, ಫೋರ್ಸೆಪ್ಸ್, ಬ್ಲೇಡಿನ ಸುತ್ತಲಿನ ಮೇಣದ ಪುಡಿಯನ್ನೂ ತೆಗೆಯುತ್ತೇವೆ. ಪುಡಿಯಾಗುವ ಬ್ಲಾಕುಗಳನ್ನು ಕೊನೆಗೆ ಕತ್ತರಿಸಿ, ನೀರನ್ನೇ ಬದಲಿಸುತ್ತೇವೆ. ಹೆಮಟಾಕ್ಸಿಲಿನ್ ಎಂಬ ಬಣ್ಣವನ್ನು ಸೋಸದಿದ್ದರೆ ಅದರ ಪಾತ್ರೆಯಿಂದಲೂ ಚೂರು ಅಂಟಿಕೊಳ್ಳುತ್ತದೆ. ಕೆಲಸ ರಾಶಿ ಬಿದ್ದ ದಿನ ಸ್ಲೈಡುಗಳು ತಡವಾಗುತ್ತವೆಂದು ಮೊದಲೇ ಹೇಳಿಬಿಡಿ.

ರಿಬ್ಬನ್ನಿನ ಪಕ್ಕ ಅನುಮಾನದ ಚೂರು ಕಂಡರೆ ಕುಂಚದಿಂದ ಸರಿಸಿ ಸುಮ್ಮನಾಗಬೇಡಿ, ಅದು ಆ ರೋಗಿಯದೇ ಇದ್ದರೂ ಇರಬಹುದು. ಅದನ್ನು ಹಾಗೆಯೇ ಸ್ಲೈಡಿಗೆ ಎತ್ತಿಕೊಂಡು, ನೀರು ಒರೆಸಿ, ಅದೇ ಬ್ಲಾಕಿನಿಂದ ಇನ್ನೊಂದು ಸೆಕ್ಷನ್ ತೆಗೆದು, ಎರಡಕ್ಕೂ ಗುರುತು ಹಾಕಿ ಪೆಥಾಲಜಿಸ್ಟರಿಗೆ ಕೊಡಿ.