ಬೆಂಗಳೂರಿನ ಗೂಡ್ಸ್ ಶೆಡ್ ಸೇವೆ: ಬಾಡಿಗೆ ಅಗ್ಗ, ಗಂಟೆ ದುಬಾರಿ

ದೂರದ ಊರಿಂದ ಒಂದೇ ಬಗೆಯ ಸರಕನ್ನು ಸಾವಿರಗಟ್ಟಲೆ ಟನ್ ತರಿಸುವವರಿಗೆ ರೈಲು ಈಗಲೂ ಒಳ್ಳೆಯ ಸೇವೆಯೇ. ವಾಡಿ ಕಡೆಯ ಸಿಮೆಂಟ್, ತೋರಣಗಲ್ಲಿನ ಉಕ್ಕು, ಪಂಜಾಬಿನ ಧಾನ್ಯ, ರಸಗೊಬ್ಬರ, ಇಷ್ಟೂ ಲಾರಿಯಲ್ಲೇ ಬರಬೇಕಿದ್ದರೆ ಹೆದ್ದಾರಿಗಳ ಗತಿ ಏನಾಗುತ್ತಿತ್ತೆಂದು ಬಿಡಿಸಿ ಹೇಳಬೇಕಿಲ್ಲ. ರಗಳೆ ಶುರುವಾಗುವುದು ಹಳಿ ಮುಗಿದ ಜಾಗದಿಂದ. ಬೆಂಗಳೂರು ಸುತ್ತಲಿನ ಗೂಡ್ಸ್ ಶೆಡ್ ಸೇವೆಯನ್ನು ಇಲ್ಲಿ ಎರಡು ಕಡೆಯಿಂದ ನೋಡಿದೆ: ಸರಕು ತರಿಸುವವರ ಕಡೆಯಿಂದ, ಮತ್ತು ಶೆಡ್ಡಿನ ಕಾಂಪೌಂಡಿಗೆ ಒತ್ತಿಕೊಂಡು ಬದುಕುವವರ ಕಡೆಯಿಂದ.

ಬೆಂಗಳೂರಿಗೆ ಮೊದಲ ರೈಲು ದಾರಿ ಬಂದದ್ದು 1864ರಲ್ಲಿ, ಜೋಲಾರ್‌ಪೇಟೆಯಿಂದ ದಂಡು ಪ್ರದೇಶಕ್ಕೆ. ನಗರದ ದೊಡ್ಡ ಸರಕು ತಾಣಗಳು ಇವತ್ತಿಗೂ ಅದೇ ದಾರಿಯಲ್ಲಿವೆ. ಕಾಡುಗೋಡಿಯಲ್ಲಿರುವ ವೈಟ್‌ಫೀಲ್ಡ್ ಸ್ಟೇಷನ್ ಆಸುಪಾಸಿನಲ್ಲೇ ಸೆಟಲೈಟ್ ಗೂಡ್ಸ್ ಟರ್ಮಿನಲ್ ಇದೆ, ಕಂಟೇನರ್ ಕಾರ್ಪೊರೇಷನ್ನಿನ ಒಳನಾಡು ಡಿಪೊ ಇದೆ, ಆಹಾರ ನಿಗಮದ ಗೋದಾಮು ಇದೆ. ಮಾಲೂರು ಕಡೆಗೆ ಇನ್ನಷ್ಟು ಹೋದರೆ ದೇವನಗೊಂದಿಯ ತೈಲ ಟರ್ಮಿನಲ್‌ಗಳು. ಹಾಸನ ಲೈನಿನಲ್ಲಿ ನೆಲಮಂಗಲ. ಇವೆಲ್ಲ ಬಂದಾಗ ಸುತ್ತ ಊರು ಇಷ್ಟು ಬೆಳೆದಿರಲಿಲ್ಲ. 2023ರ ಮಾರ್ಚ್‌ನಲ್ಲಿ ಮೆಟ್ರೊ ಕೂಡ ಕಾಡುಗೋಡಿಗೆ ಬಂತು. ಈಗ ಐಟಿ ಕಚೇರಿಗೆ ಹೊರಟವರೂ ಸಿಮೆಂಟ್ ಲಾರಿಯೂ ಓಡಾಡುವುದು ಒಂದೇ ಭಾಗದ ರಸ್ತೆಗಳಲ್ಲಿ.

ಮೊದಲು ಲೆಕ್ಕ. ಮುಚ್ಚಿದ, ಬಿಸಿಎನ್ ಎಂಬ ಬಗೆಯ ವ್ಯಾಗನ್ನಿನ ಒಂದು ರೇಕ್ (ಒಂದು ಇಡೀ ಗೂಡ್ಸ್ ಗಾಡಿ) ಎಂದರೆ ಸುಮಾರು 42 ವ್ಯಾಗನ್. ಒಂದೊಂದರಲ್ಲಿ 60 ಟನ್ ಎಂದು ಹಿಡಿದರೂ 2,520 ಟನ್, ಅಂದರೆ 50 ಕಿಲೋದ ಐವತ್ತು ಸಾವಿರ ಚೀಲ. ಹತ್ತು ಚಕ್ರದ ಲಾರಿಗೆ 18 ಟನ್ ತುಂಬಿದರೆ 140 ಲೋಡ್. ಖಾಲಿ ಬಂದು ತುಂಬಿ ಹೋಗುವುದನ್ನೂ ಸೇರಿಸಿ ಗೇಟು ದಾಟುವುದು 280 ಸಲ. ಹತ್ತು ಗಂಟೆಯಲ್ಲಿ ಮುಗಿಸಬೇಕೆಂದರೆ ಎರಡು ನಿಮಿಷಕ್ಕೊಂದು ಲಾರಿ. ಆರುನೂರು ಮೀಟರ್ ಉದ್ದದ ರೈಲು ಸದ್ದಿಲ್ಲದೆ ಒಳಗೆ ಬಂದು ನಿಂತಿರುತ್ತದೆ. ಬೀದಿಗೆ ಗೊತ್ತಾಗುವುದು ಈ 280.

ಹತ್ತು ಗಂಟೆಯೇ ಯಾಕೆ, ನಿಧಾನವಾಗಿ ಎರಡು ಮೂರು ದಿನದಲ್ಲಿ ಸಾಗಿಸಬಾರದೇ ಎಂದು ಪಕ್ಕದ ಬಡಾವಣೆಯವರು ಕೇಳುವುದು ನ್ಯಾಯವೇ. ಉತ್ತರ ರೈಲ್ವೆಯ ದರಪಟ್ಟಿಯಲ್ಲಿದೆ. ಇಂಥ ರೇಕನ್ನು ಕೈಯಾಳುಗಳಿಂದ ಇಳಿಸಲು ಕೊಡುವ ಫ್ರೀ ಟೈಮ್ 9 ಗಂಟೆ. ಅದು ಮುಗಿದ ಮೇಲೆ ಡೆಮರೇಜ್, ಅಂದರೆ ವ್ಯಾಗನ್ ತಡೆದಿಟ್ಟಿದ್ದಕ್ಕೆ ತೆರುವ ಶುಲ್ಕ, ವ್ಯಾಗನ್ನಿಗೆ ಗಂಟೆಗೆ 150 ರೂಪಾಯಿ. 42 ವ್ಯಾಗನ್ನಿಗೆ ಗಂಟೆಗೆ 6,300. ಹತ್ತು ನಿಮಿಷ ಮೀರಿದರೂ ಪೂರ್ತಿ ಗಂಟೆ ಎಂದೇ ಲೆಕ್ಕ. ಚೀಲ ಪ್ಲಾಟ್‌ಫಾರ್ಮಿಗೆ ಇಳಿದ ಮೇಲೆ ಎರಡನೆಯ ಗಡಿಯಾರ ಓಡತೊಡಗುತ್ತದೆ. ಅದರ ಹೆಸರು ವಾರ್ಫೇಜ್, ಸರಕು ಶೆಡ್ಡಿನಲ್ಲೇ ಬಿದ್ದಿದ್ದಕ್ಕೆ ತೆರುವ ಶುಲ್ಕ. ಅದರ ಫ್ರೀ ಟೈಮೂ ದರವೂ ಶೆಡ್ ಯಾವ ಗುಂಪಿಗೆ ಸೇರಿದೆ ಎಂಬುದರ ಮೇಲೆ ಬೇರೆಬೇರೆ, ಆದ್ದರಿಂದ ಇಂಡೆಂಟ್ (ವ್ಯಾಗನ್ ಬೇಡಿಕೆ) ಹಾಕುವ ಮೊದಲೇ ಗೂಡ್ಸ್ ಸೂಪರ್‌ವೈಸರ್ ಹತ್ತಿರ ಕೇಳಿಟ್ಟುಕೊಳ್ಳಬೇಕು. ಡೆಮರೇಜ್ ಹೆದರಿಕೆ ಇರುವವರು ಚೀಲ ಕೆಳಗೆ ಎಸೆಯುತ್ತಾರೆ, ವಾರ್ಫೇಜ್ ಹೆದರಿಕೆ ಇರುವವರು ರಾತ್ರಿಯೆಲ್ಲ ಲಾರಿ ಓಡಿಸುತ್ತಾರೆ. ಅತ್ತ ನಗರದೊಳಗೆ ದಟ್ಟಣೆಯ ಹೊತ್ತಿನಲ್ಲಿ ಭಾರಿ ವಾಹನಕ್ಕೆ ನಿರ್ಬಂಧ. ಹೀಗೆ ರೈಲ್ವೆಯ ನಿಯಮ ಒಂದು ಕಡೆಯಿಂದ, ಟ್ರಾಫಿಕ್ ಪೊಲೀಸರ ನಿಯಮ ಇನ್ನೊಂದು ಕಡೆಯಿಂದ ಒತ್ತಿ ಗದ್ದಲವನ್ನೆಲ್ಲ ರಾತ್ರಿಗೆ ತಳ್ಳುತ್ತವೆ. ಎರಡೂ ತಮ್ಮ ತಮ್ಮ ಮಟ್ಟಿಗೆ ಸರಿಯೇ. ಕೂಡಿಸಿ ನೋಡಿದವರು ಯಾರೂ ಇದ್ದಂತಿಲ್ಲ. ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ 45 ಡೆಸಿಬೆಲ್ ಮಿತಿ. ಲಾರಿಯ ಒಂದು ರಿವರ್ಸ್ ಹಾರ್ನ್ ಸಾಕು ಅದನ್ನು ದಾಟಲು.

ಆಳುಗಳ ಲೆಕ್ಕದಲ್ಲಿ ತಪ್ಪುವವರೇ ಹೆಚ್ಚು. ಎಂಟು ಜನರ ಹಮಾಲಿ ಗ್ಯಾಂಗ್ ಒಂದು ವ್ಯಾಗನ್ನಿನ 1,200 ಚೀಲ ಇಳಿಸಿ ಅಟ್ಟಿ ಕಟ್ಟಲು ಮೂರೂವರೆಯಿಂದ ನಾಲ್ಕು ಗಂಟೆ ಹಿಡಿಯುತ್ತದೆ ಎಂದಿಟ್ಟುಕೊಳ್ಳಿ. 9 ಗಂಟೆಯೊಳಗೆ ಒಂದು ಗ್ಯಾಂಗಿಗೆ ಎರಡೇ ವ್ಯಾಗನ್ ಆದೀತು, ಅದೂ ಊಟ-ನೀರಿನ ಬಿಡುವು ಚಿಕ್ಕದಾಗಿದ್ದರೆ. ಅಲ್ಲಿಗೆ 21 ಗ್ಯಾಂಗ್, ಸುಮಾರು 170 ಆಳು. ಮೇಸ್ತ್ರಿ ನೂರು ಜನರನ್ನು ಕರೆತಂದು ‘ಮಾಡಿಬಿಡ್ತೀವಿ ಬಿಡಿ ಸಾರ್’ ಅಂದರೆ ಡೆಮರೇಜ್ ಖಂಡಿತ. ಗೂಡ್ಸ್ ಗಾಡಿಗೆ ಪ್ಯಾಸೆಂಜರ್ ಗಾಡಿಯಂತೆ ಟೈಮ್‌ಟೇಬಲ್ ಇಲ್ಲ. ಎಕ್ಸ್‌ಪ್ರೆಸ್‌ಗಳಿಗೆ ದಾರಿ ಬಿಟ್ಟು ಪಕ್ಕದ ಲೂಪ್ ಹಳಿಯಲ್ಲಿ ಕಾಯುತ್ತಾ ಬರುತ್ತದೆ. ಸಂಜೆ ಆರಕ್ಕೆ ಬರಬೇಕಿದ್ದ ರೇಕ್ ರಾತ್ರಿ ಒಂದಕ್ಕೆ ಬಂದರೆ ಅಷ್ಟೂ ಹೊತ್ತು ಲಾರಿಗಳು ನಿಲ್ಲುವುದು ಶೆಡ್ಡಿನ ಹೊರಗಿನ ರಸ್ತೆಯಲ್ಲಿ. ರೈಲ್ವೆಯ ಎಫ್‌ಒಐಎಸ್ ವ್ಯವಸ್ಥೆಯಲ್ಲಿ ರೇಕ್ ಎಲ್ಲಿದೆ ಎಂದು ಕಾಣುತ್ತದೆ. ಅದನ್ನು ನೋಡಿ, ಗಾಡಿ ಹತ್ತಿರ ಬಂದ ಮೇಲೆ ಮೊದಲ ಇಪ್ಪತ್ತು ಲಾರಿಗಳನ್ನು ಮಾತ್ರ ಕರೆಸಿ ಉಳಿದವನ್ನು ಟೋಕನ್ ಕೊಟ್ಟು ಸ್ವಂತ ಯಾರ್ಡಿನಲ್ಲೇ ನಿಲ್ಲಿಸಿದರೆ ಅರ್ಧ ತೊಂದರೆ ಅಲ್ಲೇ ಕಳೆಯುತ್ತದೆ. ಇದಕ್ಕೆ ಬೇಕಾದದ್ದು ಒಂದು ಫೋನು, ಒಬ್ಬ ಗುಮಾಸ್ತ.

ಧೂಳಿನ ವಿಷಯದಲ್ಲಿ ಸಾಮಾನ್ಯವಾಗಿ ಮಾಡುವ ಉಪಾಯವೇ ತಪ್ಪು. ಪ್ಲಾಟ್‌ಫಾರ್ಮಿನ ಮೇಲೆ ಚೆಲ್ಲಿದ ಸಿಮೆಂಟಿಗೆ ನೀರು ಹೊಡೆದರೆ ಅದು ಅಲ್ಲೇ ಗಟ್ಟಿಯಾಗಿ ಹಕ್ಕಳೆಗಟ್ಟುತ್ತದೆ. ಮರುದಿನ ಚಕ್ರಕ್ಕೆ ಸಿಕ್ಕಿ ಪುಡಿಯಾಗಿ ಮತ್ತೆ ಏಳುತ್ತದೆ. ಪ್ಲಾಟ್‌ಫಾರ್ಮಿನಲ್ಲಿ ಒಣಗುಡಿಸಿ ಚೀಲಕ್ಕೆ ತುಂಬಬೇಕು. ನೀರು ಲಾರಿ ಓಡುವ ಮಣ್ಣುದಾರಿಗೆ ಮಾತ್ರ. ಚೆಲ್ಲುವುದಕ್ಕೆ ದೊಡ್ಡ ಕಾರಣ ಹಮಾಲಿ ಕೊಕ್ಕೆ. ಕೊಕ್ಕೆ ಬಿದ್ದ ಪ್ಲಾಸ್ಟಿಕ್ ನೇಯ್ಗೆಯ ಚೀಲ ಲಾರಿ ಸೇರುವ ಹೊತ್ತಿಗೆ ಬಾಯಿ ಬಿಟ್ಟಿರುತ್ತದೆ. ಕೊಕ್ಕೆ ಬೇಡ ಎಂದು ಗುತ್ತಿಗೆಯಲ್ಲೇ ಬರೆದು, ಹರಿದ ಚೀಲಕ್ಕೆ ಬೇರೆ ಅಟ್ಟಿ ಮಾಡಿಸಿದರೆ ಮಾಲೂ ಉಳಿಯುತ್ತದೆ. ಟಾರ್ಪಾಲು ಕಟ್ಟಬೇಕಾದದ್ದು ಗೇಟಿನ ಒಳಗೆ. ರಸ್ತೆಗೆ ಬಂದು ಪಕ್ಕಕ್ಕೆ ನಿಲ್ಲಿಸಿ ಕಟ್ಟುವ ಅಭ್ಯಾಸ ಧೂಳನ್ನೂ ಕೊಡುತ್ತದೆ, ಜಾಮನ್ನೂ ಕೊಡುತ್ತದೆ.

ಲೆವೆಲ್ ಕ್ರಾಸಿಂಗ್ ಬಗ್ಗೆ ಗೇಟ್‌ಮನ್‌ಗೆ ಬೈಯುವವರಿಗೆ ಒಂದು ಮಾತು. ಇಂಟರ್‌ಲಾಕ್ ಆದ ಗೇಟಿನಲ್ಲಿ ಗೇಟು ಮುಚ್ಚಿ ಬೀಗ ಬೀಳದೆ ಸಿಗ್ನಲ್ ಹಸಿರಾಗುವುದಿಲ್ಲ, ಸಿಗ್ನಲ್ ಕೊಟ್ಟ ಮೇಲೆ ಗಾಡಿ ದಾಟದೆ ಗೇಟು ತೆರೆಯುವುದಿಲ್ಲ. ‘ಇನ್ನೂ ಗಾಡಿ ಕಾಣ್ತಿಲ್ಲ, ತೆಗೀರಿ ಸ್ವಾಮಿ’ ಅಂದರೆ ಅವನ ಕೈಯಲ್ಲಿ ಏನೂ ಇಲ್ಲ. ರೈಲ್ವೆ ಕಾಯ್ದೆ 1989ರ 160ನೇ ಕಲಮಿನಂತೆ ಮುಚ್ಚಿದ ಗೇಟು ತೆರೆದರೆ ಮೂರು ವರ್ಷ, ಮುರಿದರೆ ಐದು ವರ್ಷದವರೆಗೆ ಶಿಕ್ಷೆ. ಗೇಟಿಗೆ 600 ಮೀಟರ್ ಮೊದಲೇ ಇರುವ ಸೀಟಿ ಫಲಕ ಕಂಡಲ್ಲಿ ಚಾಲಕ ಹಾರ್ನ್ ಹೊಡೆಯಲೇಬೇಕು; ಆ ಸದ್ದಿನ ಮೇಲೆ ದೂರು ಕೊಟ್ಟು ಫಲವಿಲ್ಲ, ಮೇಲ್ಸೇತುವೆಯೋ ಕೆಳಸೇತುವೆಯೋ ಬಂದು ಗೇಟೇ ಹೋಗಬೇಕು. ನಿಂತ ಗೂಡ್ಸ್ ಗಾಡಿಯ ಕೆಳಗೆ ನುಸುಳುವುದು ಮಾತ್ರ ಯಾವ ಅವಸರಕ್ಕೂ ಬೇಡ. ವ್ಯಾಗನ್‌ಗಳ ನಡುವಿನ ಕೊಂಡಿಗಳಲ್ಲಿ ಸಡಿಲ ಇರುತ್ತದೆ. ಎಂಜಿನ್ ಎಳೆದಾಗ ಅದು ಒಂದೊಂದಾಗಿ ಬಿಗಿಯುತ್ತಾ ಬಂದು ಕೊನೆಯ ವ್ಯಾಗನ್ ಜರ್ಕ್ ಹೊಡೆಯುತ್ತದೆ, ಅರ್ಧ ಕಿಲೋಮೀಟರ್ ಆಚೆ ಎಂಜಿನ್ ಹೊರಟದ್ದು ಇಲ್ಲಿ ಕೇಳಿಸಿಯೇ ಇರುವುದಿಲ್ಲ. ವ್ಯಾಗನ್ ಹತ್ತಿ ದಾಟಲು ಹೋದರೆ ತಲೆಯ ಮೇಲೆ 25,000 ವೋಲ್ಟ್ ತಂತಿ.

ದೂರು ಕೊಡುವ ಕ್ರಮದಲ್ಲಿ ಈ ಸೇವೆಗೆ ಕಡಿಮೆ ಅಂಕ. ಶೆಡ್ಡಿನ ಒಳಗಿನ ರಸ್ತೆ, ದೀಪ, ಪ್ಲಾಟ್‌ಫಾರ್ಮ್ ರೈಲ್ವೆಯದು. ಗೇಟಿನ ಹೊರಗಿನ ರಸ್ತೆ ಪಾಲಿಕೆಯದು. ಅಲ್ಲಿ ನಿಂತ ಲಾರಿ ಟ್ರಾಫಿಕ್ ಪೊಲೀಸರಿಗೆ ಸೇರಿದ್ದು, ಧೂಳು ಮಾಲಿನ್ಯ ನಿಯಂತ್ರಣ ಮಂಡಳಿಗೆ. ‘ಗೂಡ್ಸ್ ಶೆಡ್ಡಿನಿಂದ ತೊಂದರೆ’ ಎಂದು ಒಂದೇ ಅರ್ಜಿ ಬರೆದರೆ ನಾಲ್ವರೂ ಅದನ್ನು ಇನ್ನೊಬ್ಬರ ಕಡೆ ದಾಟಿಸುತ್ತಾರೆ. ಒಂದೊಂದಕ್ಕೂ ಬೇರೆ ಅರ್ಜಿ ಬೇಕು: ದಿನಾಂಕ, ಗಂಟೆ, ಗೇಟಿನ ಯಾವ ಬದಿ, ಲಾರಿಯ ನೋಂದಣಿ ಸಂಖ್ಯೆ, ಫೋಟೊ. ರೈಲ್ವೆಗೆ ಕೊಡುವುದನ್ನು ಬೆಂಗಳೂರು ವಿಭಾಗದ ಹಿರಿಯ ವಾಣಿಜ್ಯ ವ್ಯವಸ್ಥಾಪಕರ ಹೆಸರಿಗೆ ಬರೆದು, ಪ್ರತಿಯನ್ನು ಡಿಆರ್‌ಎಂ (ವಿಭಾಗೀಯ ರೈಲ್ವೆ ವ್ಯವಸ್ಥಾಪಕ) ಕಚೇರಿಗೆ ಕೊಟ್ಟು ಮುದ್ರೆ ಹಾಕಿಸಿಕೊಳ್ಳಿ. ‘ಶೆಡ್ ಇಲ್ಲಿಂದ ಎತ್ತಿ’ ಎಂಬ ಬೇಡಿಕೆ ಎಲ್ಲೂ ನಾಟುವುದಿಲ್ಲ. ‘ಲಾರಿಗೆ ಒಳಗೇ ನಿಲುಗಡೆ ಜಾಗ ಗುರುತಿಸಿ, ಟಾರ್ಪಾಲು ಇಲ್ಲದ ಲಾರಿ ಹೊರಗೆ ಬಿಡಬೇಡಿ’ ಎಂಬುದು ನಾಟುತ್ತದೆ, ಏಕೆಂದರೆ ಅದಕ್ಕೆ ದೆಹಲಿಯ ಒಪ್ಪಿಗೆ ಬೇಡ. 2021ರ ಡಿಸೆಂಬರ್‌ನಲ್ಲಿ ಬಂದ ಗತಿಶಕ್ತಿ ಕಾರ್ಗೋ ಟರ್ಮಿನಲ್ ನೀತಿಯಡಿ ಖಾಸಗಿಯವರೂ ಟರ್ಮಿನಲ್ ಕಟ್ಟಬಹುದು. ಹೊಸದು ನಗರದ ಹೊರಗೆ ಬರುತ್ತದೆಂದರೆ ಅಲ್ಲಿನ ಗ್ರಾಮ ಪಂಚಾಯಿತಿಯವರು ನಿಲುಗಡೆ ಜಾಗ ಮತ್ತು ಕೂಡುರಸ್ತೆಯ ಅಗಲವನ್ನು ಮೊದಲೇ ಕೇಳುವುದು ಒಳ್ಳೆಯದು. ಕಟ್ಟಿದ ಮೇಲೆ ಯಾರೂ ಅಗಲ ಮಾಡುವುದಿಲ್ಲ.

ಲಾರಿಯನ್ನೇ ವ್ಯಾಗನ್ ಮೇಲೆ ಹತ್ತಿಸಿ ಸಾಗಿಸುವ ರೋ-ರೋ ಸೇವೆ 2020ರ ಆಗಸ್ಟ್‌ನಲ್ಲಿ ನೆಲಮಂಗಲದಿಂದ ಸೊಲ್ಲಾಪುರ ಬಳಿಯ ಬಾಳೆಗೆ, 682 ಕಿಲೋಮೀಟರ್ ದೂರಕ್ಕೆ ಹೊರಟಿತು. ಒಂದು ಸಲಕ್ಕೆ 42 ಲಾರಿ. ಹೆದ್ದಾರಿಯ ಊರುಗಳಿಗೆ ಇದಕ್ಕಿಂತ ದೊಡ್ಡ ಉಪಕಾರವಿಲ್ಲ. ಹೋಗುವಾಗಲೂ ಬರುವಾಗಲೂ ತುಂಬಿದರೆ ಮಾತ್ರ ಲಾರಿ ಮಾಲೀಕನಿಗೆ ಗಿಟ್ಟುತ್ತದೆ.

ರಫ್ತು ಮಾಡುವವರಿಗೆ ಕಂಟೇನರ್ ಡಿಪೊ ನಿಜಕ್ಕೂ ಚೆನ್ನಾಗಿದೆ. ದೇಶದ ಮೊದಲ ಒಳನಾಡು ಕಂಟೇನರ್ ಡಿಪೊ ಶುರುವಾದದ್ದೇ ಬೆಂಗಳೂರಿನಲ್ಲಿ, 1981ರಲ್ಲಿ. ಕಸ್ಟಮ್ಸ್ ಕೆಲಸ ಇಲ್ಲೇ ಮುಗಿದು ಪೆಟ್ಟಿಗೆ ರೈಲಿನಲ್ಲಿ ಚೆನ್ನೈ ಬಂದರಿಗೆ ಹೋಗುತ್ತದೆ. ಹೊಸಬರು ಎಡವುವುದು ಶಿಪ್ಪಿಂಗ್ ಬಿಲ್ಲಿನ (ಕಸ್ಟಮ್ಸ್‌ಗೆ ಕೊಡುವ ರಫ್ತು ಘೋಷಣೆಯ) ತಾಣದ ಕೋಡಿನಲ್ಲಿ: ಮಾಲು ವೈಟ್‌ಫೀಲ್ಡಿಗೆ ಹೋಗುತ್ತಿದ್ದರೆ ಐಎನ್‌ಡಬ್ಲ್ಯುಎಫ್‌ಡಿ6 ಎಂದೇ ಇರಬೇಕು. ಚೆನ್ನೈ ಕೋಡ್ ಹಾಕಿದ್ದರೆ ತಿದ್ದುಪಡಿ ಆಗುವ ತನಕ ಪೆಟ್ಟಿಗೆ ಕದಲುವುದಿಲ್ಲ. ತುಂಬಿದ ಪೆಟ್ಟಿಗೆಯ ಒಟ್ಟು ತೂಕ ಖಚಿತಪಡಿಸುವ ವಿಜಿಎಂ ಘೋಷಣೆ 2016ರ ಜುಲೈಯಿಂದ ಕಡ್ಡಾಯ, ಅದಿಲ್ಲದೆ ಹಡಗಿಗೆ ಹತ್ತಿಸುವುದಿಲ್ಲ.

ಇಡೀ ರೇಕಿನಷ್ಟು ಸರಕಿಲ್ಲದವರಿಗೆ ಇರುವುದು ಪಾರ್ಸೆಲ್. ಬೈಕ್ ಕಳಿಸುವುದಾದರೆ ಟ್ಯಾಂಕ್ ಪೂರ್ತಿ ಖಾಲಿ ಮಾಡಿ, ಆರ್‌ಸಿ ಮತ್ತು ಗುರುತಿನ ಚೀಟಿಯ ಪ್ರತಿ ಕೊಟ್ಟು, ಹ್ಯಾಂಡಲ್, ಟ್ಯಾಂಕ್, ಸೈಲೆನ್ಸರ್‌ಗೆ ಗೋಣಿ ಸುತ್ತಿಸಬೇಕು. ಪ್ಯಾಕಿಂಗಿನವರು ಹೊರಗೇ ಸಿಗುತ್ತಾರೆ, ದರ ಮೊದಲೇ ಮಾತಾಡಿಕೊಳ್ಳಿ. ಬೆಲೆ ಘೋಷಿಸದಿದ್ದರೆ ರೈಲ್ವೆಯ ಹೊಣೆ ಕಿಲೋಗೆ 50 ರೂಪಾಯಿ ಮಾತ್ರ: 110 ಕಿಲೋದ ಬೈಕಿಗೆ 5,500. ಹೆಚ್ಚಿನ ಬೆಲೆ ಬರೆಸಿ ಶೇಕಡಾವಾರು ಶುಲ್ಕ ಕಟ್ಟಿದರಷ್ಟೇ ಪೂರ್ತಿ ರಕ್ಷಣೆ. ಈ ಮಿತಿ ಸಿಮೆಂಟಿಗೆ ಯಥೇಚ್ಛ, ಯಂತ್ರದ ಬಿಡಿಭಾಗಕ್ಕೆ ಏನೇನೂ ಸಾಲದು.

ರೇಕಿನಲ್ಲಿ ಮಾಲು ಕಡಿಮೆ ಬಂದರೆ ವಿಷಯ ಇನ್ನೂ ಬಿಗಿ. ರೈಲ್ವೆ ಸಿಬ್ಬಂದಿ ಎಣಿಸದೆ ಕೊಟ್ಟ ರಸೀದಿಯಲ್ಲಿ ‘ಸೆಡ್ ಟು ಕಂಟೇನ್’ (ಇಷ್ಟಿದೆ ಎಂದು ಕಳಿಸಿದವರು ಹೇಳಿದ್ದು) ಎಂದಿರುತ್ತದೆ. ಹಾಗಿದ್ದಲ್ಲಿ ಇಷ್ಟು ಚೀಲ ತುಂಬಿತ್ತೆಂದು ತೋರಿಸುವ ಭಾರ ಸರಕು ಕಳಿಸಿದವರ ಅಥವಾ ತರಿಸಿದವರ ಮೇಲೆಯೇ, ರೈಲ್ವೆ ಕಾಯ್ದೆಯ 65ನೇ ಕಲಮು. ಆದ್ದರಿಂದ ತುಂಬುವ ಕಡೆಯಲ್ಲೇ ವ್ಯಾಗನ್ನಿನ ಛಾವಣಿ, ಬಾಗಿಲಿನ ಸಂದು ನೋಡಿಸಿ: ಒಳಗೆ ನಿಂತು ಬಾಗಿಲು ಮುಚ್ಚಿದಾಗ ಬೆಳಕು ತೂರಿದರೆ ಮಳೆಯೂ ತೂರುತ್ತದೆ. ಇಲ್ಲಿ ಇಳಿಸುವಾಗ ಸೀಲ್ ಒಡೆದಿದ್ದರೆ ಅಥವಾ ಚೀಲ ನೆನೆದಿದ್ದರೆ ಮುಟ್ಟುವ ಮೊದಲು 81ನೇ ಕಲಮಿನಂತೆ ಓಪನ್ ಡೆಲಿವರಿ (ರೈಲ್ವೆಯವರ ಎದುರೇ ತೆರೆದು ನೋಡಿ ಒಪ್ಪಿಸುವುದು) ಲಿಖಿತವಾಗಿ ಕೇಳಿ. ಒಮ್ಮೆ ಲಾರಿಗೆ ತುಂಬಿ ಹೊರಗೆ ಹೋಯಿತೆಂದರೆ ಕ್ಲೇಮು ನಿಲ್ಲುವುದು ಕಷ್ಟ. ಸರಕು ಒಪ್ಪಿಸಿದ ದಿನದಿಂದ ಆರು ತಿಂಗಳೊಳಗೆ ಪರಿಹಾರ ಕೇಳುವ 106ನೇ ಕಲಮಿನ ನೋಟಿಸ್ ರೈಲ್ವೆಗೆ ಹೋಗಿರಬೇಕು. ಅದಕ್ಕೂ ಬಗ್ಗದಿದ್ದರೆ ರೈಲ್ವೆ ಕ್ಲೇಮ್ಸ್ ಟ್ರಿಬ್ಯುನಲ್ಲಿನ ಪೀಠ ಬೆಂಗಳೂರಿನಲ್ಲೇ ಇದೆ, ಅದಕ್ಕಾಗಿ ಬೇರೆ ಊರಿಗೆ ಅಲೆಯಬೇಕಾಗಿಲ್ಲ.