ಹಳೇ .223 ರೈಫಲ್ ಕೊಳ್ಳುವ ಮುಂಚೆ ಬ್ಯಾರೆಲ್ಲಿನ ಟ್ವಿಸ್ಟ್ ಕೇಳಿ

ಅಮೆರಿಕದಲ್ಲಿ ಸೆಕೆಂಡ್ ಹ್ಯಾಂಡ್ .223 ಬೋಲ್ಟ್ ಆಕ್ಷನ್ ರೈಫಲ್ ಹುಡುಕುತ್ತಿರುವ ಕನ್ನಡದ ಗೆಳೆಯರೇ, "ಯಾವ .223 ಗುಂಡಾದ್ರೂ ಇದಕ್ಕೆ ನಡೆಯುತ್ತೆ" ಅಂತ ಅಂಗಡಿಯವರು ಹೇಳಿದರೆ ದಯವಿಟ್ಟು ನಂಬಬೇಡಿ. ಬ್ಯಾರೆಲ್ ಒಳಗಿನ ಸುರುಳಿ ಗೀರುಗಳು ಎಷ್ಟು ಇಂಚಿಗೆ ಒಂದು ಪೂರ್ತಿ ಸುತ್ತು ಹಾಕುತ್ತವೆ ಅನ್ನೋದೇ ಟ್ವಿಸ್ಟ್. ಗುಂಡನ್ನು ತಿರುಗಿಸುವುದು ಆ ಗೀರುಗಳೇ, ಇಂಚು ಕಡಿಮೆಯಾದಷ್ಟೂ ಗುಂಡು ಜೋರಾಗಿ ತಿರುಗುತ್ತೆ. ಇಲ್ಲಿ ಟೆಕ್ಸಾಸ್‌ನಲ್ಲಿ ನನಗೆ ರೈಫಲ್ ಮಾರಿದವರು ಹೀಗೇ ಹೇಳಿದ್ದರು. ದೂರದ ಗುರಿಗೆ ಭಾರದ ಗುಂಡೇ ಒಳ್ಳೆಯದು ಅಂತ 77 ಗ್ರೇನಿನ (ಗ್ರೇನ್ ಅಂದರೆ ಗುಂಡಿನ ತೂಕದ ಅಳತೆ) ದುಬಾರಿ ಮ್ಯಾಚ್ ಗುಂಡುಗಳ, ಅಂದರೆ ಸ್ಪರ್ಧೆಗೆ ಬಳಸುವ ಗುಂಡುಗಳ, ಡಬ್ಬಿಗಳನ್ನೂ ಜೊತೆಗೆ ಕೊಟ್ಟರು.

ರೇಂಜಿನಲ್ಲಿ 100 ಗಜ ದೂರದಲ್ಲಿಟ್ಟ ಗುರಿಯ ಕಾಗದ ತರಿಸಿ ನೋಡಿದರೆ ದುಂಡಗಿನ ತೂತೇ ಇಲ್ಲ. ಗುಂಡಿನ ಮೂತಿಯಿಂದ ಬುಡದವರೆಗೆ ಪೂರ್ತಿ ಆಕಾರ ಅಚ್ಚೊತ್ತಿದ ಹಾಗೆ ಕಾಗದ ಉದ್ದಕ್ಕೆ ಹರಿದಿತ್ತು. ಅಂದರೆ ಗುಂಡು ಮಗ್ಗುಲಾಗಿ ಬಂದು ಬಡಿದಿದೆ. ಶೂಟಿಂಗ್ ಮಾಡುವವರು ಇದನ್ನು ಕೀಹೋಲ್ ಅಂತಾರೆ. ಕೆಲವು ಗುಂಡುಗಳು ಕಾಗದಕ್ಕೆ ತಾಗಿರಲೇ ಇಲ್ಲ. ರೇಂಜ್ ಆಫೀಸರ್ ಅದನ್ನು ನೋಡಿದವರೇ ಶೂಟಿಂಗ್ ನಿಲ್ಲಿಸಿಬಿಟ್ಟರು. ಬ್ಯಾರೆಲ್ ತುದಿಗೆ ಸಪ್ರೆಸರ್ (ಸದ್ದು ತಗ್ಗಿಸುವ ಕೊಳವೆ) ಇದ್ದಿದ್ದರೆ ಓಲಾಡುವ ಗುಂಡು ಅದರೊಳಗೇ ತಗುಲಿ ಒಡೆಯುವ ಅಪಾಯವಿತ್ತು.

ಆಮೇಲೆ ಅಳೆದಾಗ ಗೊತ್ತಾಯಿತು, ಅದು 12 ಇಂಚಿಗೆ ಒಂದು ಸುತ್ತಿನ ಬ್ಯಾರೆಲ್. 55 ಗ್ರೇನ್ ಗುಂಡಿಗೆ ಇಷ್ಟು ಸಾಕು. 69 ಗ್ರೇನಿಗೆ 9 ಇಂಚಿನದು ಬೇಕು, 77ಕ್ಕೆ 8 ಅಥವಾ 7. ಡಬ್ಬಿಯ ಮೇಲೆ ತೂಕ ಬರೆದಿರುತ್ತೆ, ಆದರೆ ನಿಜವಾಗಿ ಲೆಕ್ಕಕ್ಕೆ ಬರುವುದು ಗುಂಡಿನ ಉದ್ದ. ಉದ್ದ ಜಾಸ್ತಿಯಾದಷ್ಟೂ ಮೂತಿ ಮುಂದಾಗಿಯೇ ಹೋಗಲು ಗುಂಡು ಜೋರಾಗಿ ತಿರುಗಬೇಕು. ಪೂರ್ತಿ ತಾಮ್ರದ ಗುಂಡು ಅದೇ ತೂಕದ ಸೀಸದ ಗುಂಡಿಗಿಂತ ಉದ್ದವಿರುತ್ತೆ, ಹಾಗಾಗಿ ಅದನ್ನು ಕೊಳ್ಳುವಾಗ ಬರೀ ತೂಕ ನೋಡಿದರೆ ಸಾಲದು.

ಚಳಿಯೂ ಲೆಕ್ಕಕ್ಕೆ ಬರುತ್ತೆ. ಅಮೆರಿಕದ ಸೇನೆಯ ಎಂ16 ರೈಫಲ್ಲಿಗೆ ಮೊದಮೊದಲು 14 ಇಂಚಿನ ಟ್ವಿಸ್ಟ್ ಇತ್ತು. ಕೊರೆಯುವ ಚಳಿಯ ದಟ್ಟ ಗಾಳಿಯಲ್ಲಿ 55 ಗ್ರೇನ್ ಗುಂಡೂ ಓಲಾಡುತ್ತೆ ಅಂತ ತಿಳಿದು 12ಕ್ಕೆ ಇಳಿಸಿದರು. ಮುಂದೆ ಉದ್ದನೆಯ ಟ್ರೇಸರ್ (ಹೋಗುವ ದಾರಿ ಕಾಣುವಂತೆ ಉರಿಯುವ) ಗುಂಡಿಗಾಗಿ ಅದರ ಮುಂದಿನ ಮಾದರಿ ಎಂ16ಎ2ಗೆ 7 ಇಂಚಿನ ಟ್ವಿಸ್ಟ್ ಇರುವ ಬ್ಯಾರೆಲ್ ಹಾಕಿದರು. ಹಾಗಂತ ಎಲ್ಲದಕ್ಕೂ 7 ಇಂಚಿನದೇ ಸರಿ ಅಂತಲೂ ಅಲ್ಲ. ತೆಳು ಕವಚದ ಹಗುರ ಗುಂಡುಗಳು ಅಷ್ಟು ವೇಗದ ಸುತ್ತಿಗೆ ಗಾಳಿಯಲ್ಲೇ ಚೂರಾಗಬಹುದು.

ಬ್ಯಾರೆಲ್ ಮೇಲೆ ಟ್ವಿಸ್ಟ್ ಕೆತ್ತಿಲ್ಲ ಅಂದರೆ ಅಂಗಡಿಯಲ್ಲೇ ಅಳೆದು ತೋರಿಸಿ ಅನ್ನಿ. ಮೊದಲು ರೈಫಲ್ ಖಾಲಿ ಇದೆಯಾ ಅಂತ ನೀವೇ ಕಣ್ಣಾರೆ ನೋಡಿ. ಹಿಡಿ ಸಲೀಸಾಗಿ ತಿರುಗುವ ಕ್ಲೀನಿಂಗ್ ರಾಡಿಗೆ ಬಿಗಿಯಾದ ಬಟ್ಟೆ ಸಿಕ್ಕಿಸಿ, ಬ್ಯಾರೆಲ್ಲಿಗೆ ತೂರಿಸಿ, ರಾಡಿನ ಮೇಲೆ ಒಂದು ಗುರುತು ಮಾಡಿ. ನಿಧಾನಕ್ಕೆ ತಳ್ಳಿ. ಗುರುತು ಒಂದು ಸುತ್ತು ಹಾಕಿ ಮತ್ತೆ ಮೇಲೆ ಬರುವಷ್ಟರಲ್ಲಿ ರಾಡ್ ಎಷ್ಟು ಇಂಚು ಒಳಗೆ ಹೋಯಿತೋ ಅದೇ ಟ್ವಿಸ್ಟ್. ಅದನ್ನು ತಿಳಿದುಕೊಂಡೇ ಗುಂಡು ಕೊಳ್ಳಿ, ಅದೂ ಮೊದಲು ಒಂದೇ ಡಬ್ಬಿ. ನನಗೆ ಮಾರಿದ ಅಂಗಡಿಯವರು ಸೀಲ್ ಒಡೆಯದ ಡಬ್ಬಿಗಳನ್ನೂ ವಾಪಸ್ ತಗೊಳ್ಳಲಿಲ್ಲ.